ಹಿಂದಕ್ಕೆ ಕಳಿಸಿಬಿಟ್ಟರೆ

ಚಿರಂಜೀವಿ ಪುಟ್ಟವ್ವನಿಗೆ ಧಾರವಾಡದಿಂದ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳನ್ನೆಲ್ಲ ಓದಿ ಸಂತೋಷಪಟ್ಟೆನಾದರೂ, "ನಾನು ಬರೆಸಿದ ಅಫಿಡವಿಟ್‌ನಲ್ಲಿ ಒಂದು ಮಾತು ತಪ್ಪಿ ಆ ಗ್ವಾಟೆಮಾಲಾದ ಹೆಂಗಸನ್ನು ಹಿಂದಕ್ಕೆ ಕಳಿಸಿಬಿಟ್ಟರೆ ಏನು ಮಾಡಲಿ" ಎಂಬ ಸಾಲು ನಾಲ್ಕು ದಿನಗಳಿಂದ ನನ್ನನ್ನು ಬಿಟ್ಟಿಲ್ಲ.

ಅಮೆರಿಕದಲ್ಲಿ ಕಾನೂನು ಕಲಿಸುತ್ತ, ಆಶ್ರಯ ಕೇಳಿ ಬಂದವರ ಅರ್ಜಿ ನಡೆಸುವ ನಿನಗೆ ಇಂಥ ಭಯ ಬರಬಾರದೆಂದೇನಿಲ್ಲ. ಆಶ್ರಯ ಕೊಡಲು 1951ರ ನಿರಾಶ್ರಿತರ ಒಪ್ಪಂದ ಎಣಿಸಿದ ಐದು ಕಾರಣಗಳಲ್ಲಿ ಹೆಣ್ಣೆಂಬುದು ಇಲ್ಲವೇ ಇಲ್ಲ. ಗಂಡನ ಹೊಡೆತ ತಾಳದೆ ಓಡಿಬಂದವಳನ್ನು ಆ ಐದರಲ್ಲೊಂದಾದ 'ನಿರ್ದಿಷ್ಟ ಸಾಮಾಜಿಕ ಗುಂಪು' ಎಂಬ ಇಕ್ಕಟ್ಟಿನ ಬಾಗಿಲಿನಿಂದಲೇ ನೀವು ಒಳಗೆ ಕರೆತರಬೇಕು. ಆ ಬಾಗಿಲನ್ನು ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ 2014ರಲ್ಲಿ ಇಂಥವಳೇ ಆದ ಒಬ್ಬ ಗ್ವಾಟೆಮಾಲಾ ಹೆಂಗಸಿಗಾಗಿ ತೆರೆಯಿತು, 2018ರಲ್ಲಿ ಅಟಾರ್ನಿ ಜನರಲ್ ಒಬ್ಬರು ಮುಚ್ಚಿದರು, 2021ರಲ್ಲಿ ಇನ್ನೊಬ್ಬರು ಆ ಆದೇಶವನ್ನು ರದ್ದುಪಡಿಸಿದರು ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ಕಾಲ ಕೆಳಗಿನ ನೆಲವೇ ಹೀಗೆ ಅಲುಗುವಾಗ, ಬಡವರಿಗೆ ಸರ್ಕಾರ ವಕೀಲರನ್ನೂ ಒದಗಿಸದ ಆ ವಲಸೆ ಕೋರ್ಟಿನಲ್ಲಿ, ತಪ್ಪೆಲ್ಲ ನಿನ್ನೊಬ್ಬಳದೇ ಹೇಗಾದೀತು ಎಂದು ಬರೆಯಲು ಹೊರಟಿದ್ದೆ. ಆದರೆ ಅದೇ ಮಾತನ್ನು ನನಗೆ ನಾನು ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಾಗಿಲ್ಲ.

1987ರಲ್ಲಿ ಒಬ್ಬಳ ಜೀವನಾಂಶದ ಅರ್ಜಿ ನಡೆಸುತ್ತಿದ್ದೆ. ಆಗ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125ರ ಕೆಳಗೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತೆಯೇ ಇರಲಿಲ್ಲ. ಅಷ್ಟಕ್ಕಾಗಿ ವರ್ಷಗಟ್ಟಲೆ ಅಲೆಯುವುದಕ್ಕಿಂತ ರಾಜಿಯೇ ಮೇಲೆಂದು ನಾನೇ ಅವಳನ್ನು ಒಪ್ಪಿಸಿ, ಗಂಡನ ಕಡೆಯವರು ತಂದಿದ್ದ ಟೆಂಪೋ ಹತ್ತಿಸಿದೆ. ಕಾಗದಪತ್ರದಲ್ಲಿ ಒಂದಕ್ಷರದ ತಪ್ಪೂ ಇರಲಿಲ್ಲ, ಪುಟ್ಟವ್ವ. ಏಳು ವರ್ಷಗಳ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವಳು "ಆರಾಮ ಅದೀರೇನ್ರೀ, ವಕೀಲರ?" ಎಂದಳು, ಮಡಚಿಕೊಂಡಿದ್ದ ಅವಳ ಎಡಗೈ ಬಿಚ್ಚುತ್ತಿರಲಿಲ್ಲ. ಏನಾಯಿತೆಂದು ನಾನು ಕೇಳಲಿಲ್ಲ, ಹುಬ್ಬಳ್ಳಿ ಬಸ್ಸು ಬಂತೆಂದು ಹೊರಟುಬಿಟ್ಟೆ.

ಇಂಥವಳು ನಿನಗೆ ಏನು ಬುದ್ಧಿ ಹೇಳಲಿ? ಆದರೂ, ಆಕೆಯ ಮನೆಮಾತು ಸ್ಪ್ಯಾನಿಷ್ ಆಗಿರದೆ ಮಾಯಾ ಭಾಷೆಗಳಲ್ಲೊಂದಾಗಿದ್ದರೆ ಆ ಭಾಷೆಯ ದುಭಾಷಿಯನ್ನೇ ಹುಡುಕು. ತಾರೀಖು ನೆನಪಿಲ್ಲವೆಂದರೆ ನೆನಪಿಲ್ಲವೆಂದೇ ಬರೆಸು, ಏಕೆಂದರೆ ಅಂದಾಜಿನ ತಾರೀಖೇ ಪಾಟೀಸವಾಲಿನಲ್ಲಿ ಸುಳ್ಳಾಗಿ ನಿಲ್ಲುತ್ತದೆ. ಬಂದ ಒಂದು ವರ್ಷದೊಳಗೆ ಆಶ್ರಯದ ಅರ್ಜಿ ಹಾಕಬೇಕೆಂಬ ಗಡುವು ನಿನಗೆ ಗೊತ್ತಿಲ್ಲದ್ದೇನೂ ಅಲ್ಲ. ಮುದುಕಿ ಬರೆದಳೆಂದು ನಗಬೇಡ.

ಹಿಂದಕ್ಕೆ ಕಳಿಸಿಬಿಟ್ಟರೆ ಏನು ಮಾಡಲಿ ಎಂದು ಕೇಳಿದ್ದೀಯಲ್ಲ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವಳು ಹೋಗುವ ಊರಿನ ವಿಳಾಸವನ್ನಾದರೂ ಬರೆದಿಟ್ಟುಕೋ. ನಾನು ಬರೆದಿಟ್ಟುಕೊಂಡಿರಲಿಲ್ಲ.

ನಿನ್ನ ಅತ್ತೆ