ಆರ್ಡರ್ ಹಾಕುವ ಮೊದಲೇ ಕಸ್ಟಮ್ಸ್ ಬ್ರೋಕರ್ ಹತ್ತಿರ ಹೋಗಿ

ಮಾನ್ಯ ಸಂಪಾದಕರೇ,

ಬ್ರೋಕರ್ ಅಂದ ಕೂಡಲೇ ನಮ್ಮ ಜನಕ್ಕೆ ಸೈಟು, ಮನೆ ಕೊಡಿಸುವ ದಲ್ಲಾಳಿ ನೆನಪಾಗುತ್ತಾನೆ. ಕಸ್ಟಮ್ಸ್ ಬ್ರೋಕರ್ ಅಂದರೂ ಅದೇ ಲೆಕ್ಕ. ಒಳಗೆ ಯಾರನ್ನೋ ಹಿಡಿದು ಮಾಲು ಬಿಡಿಸಿಕೊಟ್ಟು ಕಮಿಷನ್ ತಗೊಳ್ಳುವವನು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೆ ದಂಡವನ್ನೂ ತೆತ್ತೆ. ನಿಜಕ್ಕೆ ಅವರು ಆಮದುದಾರರ ಪರವಾಗಿ ಕಸ್ಟಮ್ಸ್‌ಗೆ ಕಾಗದಪತ್ರ ಸಲ್ಲಿಸುವ, ಲೈಸೆನ್ಸ್ ಪಡೆದವರು. ಹೊಸದಾಗಿ ಆಮದು ಶುರು ಮಾಡುವವರು ಅದೇ ಗುಂಡಿಗೆ ಬೀಳಬಾರದು ಅಂತ ಈ ಪತ್ರ.

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಘಟಕ ಇದೆ. ಔಷಧಿ ಇಡುವ ಕೋಲ್ಡ್ ರೂಮುಗಳಲ್ಲಿ ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಇತ್ತು ಅಂತ ದಾಖಲಿಸುವ ಡೇಟಾ ಲಾಗರ್‌ಗಳನ್ನು ತರಿಸಿ, ಅಳವಡಿಸಿ ಕೊಡುತ್ತೇವೆ. ಮೊದಲ ಸಲ ಚೀನಾದಿಂದ ತರಿಸುವಾಗ ಆಮದು-ರಫ್ತಿಗೆ ಬೇಕಾದ ಐಇಸಿ ನಂಬರಿಗೆ ಆನ್‌ಲೈನ್‌ನಲ್ಲಿ 500 ರೂಪಾಯಿ ಕಟ್ಟಿದೆ. ನಂಬರ್ ಬಂತು. ಇಷ್ಟೇ ಅಲ್ವಾ ಅಂತ ಅಡ್ವಾನ್ಸ್ ಕಳಿಸಿಬಿಟ್ಟೆ. ಮಾಲು ಬೆಂಗಳೂರು ಏರ್‌ಪೋರ್ಟಿನ ಕಾರ್ಗೋಗೆ ಬಂದು ಬಿದ್ದ ಮೇಲೆ ಪರಿಚಯದವರು ಕೊಟ್ಟ ನಂಬರಿಗೆ ಫೋನ್ ಮಾಡಿ "ಸ್ವಲ್ಪ ಬಿಡಿಸಿಕೊಡಿ" ಅಂದೆ.

ಬ್ರೋಕರ್ ಪ್ಯಾಕಿಂಗ್ ಲಿಸ್ಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಸರ್, ಈ ಅಡಾಪ್ಟರ್‌ಗಳಿಗೆ ಬಿಐಎಸ್ ನೋಂದಣಿ ಇದೆಯಾ?" ಬಿಐಎಸ್ ಅಂದರೆ ವಸ್ತುಗಳ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ. ಪ್ರತಿ ಲಾಗರ್ ಜೊತೆ ಒಂದೊಂದು ಪವರ್ ಅಡಾಪ್ಟರ್ ಬಂದಿತ್ತು. ಮಾರಿದವರು ಅದಕ್ಕೆ ಬೇರೆ ದುಡ್ಡು ಹಾಕಿರಲಿಲ್ಲ, ನಾನೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಆದರೆ ಅಡಾಪ್ಟರ್ ಕಡ್ಡಾಯ ನೋಂದಣಿ ಪಟ್ಟಿಯಲ್ಲಿರುವ ವಸ್ತು. ನೋಂದಣಿ ಇಲ್ಲದಿದ್ದರೆ ವಾಪಸ್ ಕಳಿಸಬೇಕು, ಇಲ್ಲವೇ ಯಾರೂ ಬಳಸಲು ಆಗದ ಹಾಗೆ ಒಡೆದು ಗುಜರಿಗೆ ಹಾಕಬೇಕು. ನನ್ನ 150 ಅಡಾಪ್ಟರ್‌ಗಳು ಗುಜರಿಗೆ ಹೋದವು. ಉಳಿದ ಮಾಲು ಕೈಗೆ ಬರುವಷ್ಟರಲ್ಲಿ ಗೋದಾಮಿನ ಡೆಮರೇಜ್ (ಮಾಲು ತಡವಾಗಿ ಎತ್ತಿದ್ದಕ್ಕೆ ಬೀಳುವ ಬಾಡಿಗೆ) ಏರುತ್ತಾ ಹೋಗಿ ಆ ಸಲದ ಲಾಭವನ್ನೆಲ್ಲ ನುಂಗಿತ್ತು. ಅದೇ ಪ್ರಶ್ನೆಯನ್ನು ಒಂದು ತಿಂಗಳು ಮೊದಲು ಯಾರಾದರೂ ಕೇಳಿದ್ದರೆ ಒಂದು ಇಮೇಲಿನಲ್ಲಿ ಮುಗಿಯುತ್ತಿತ್ತು.

ಎರಡನೇ ಸಲ ಹಣ ಕಳಿಸುವ ಮೊದಲೇ ಕ್ಯಾಟಲಾಗ್ ಹಿಡಿದುಕೊಂಡು ಆ ಬ್ರೋಕರ್ ಆಫೀಸಿಗೆ ಹೋದೆ. ಅಲ್ಲಿನ ಹುಡುಗಿಯೊಬ್ಬಳು ಪುಟ ಪುಟ ಓದುತ್ತಾ ಹೋಗಿ, ಕೆಳಗೆ ಸಣ್ಣ ಅಕ್ಷರದಲ್ಲಿದ್ದ "2.4 ಗಿಗಾಹರ್ಟ್ಸ್" ಅನ್ನುವುದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಇದರಲ್ಲಿ ಬ್ಲೂಟೂತ್ ಇದೆ ಸರ್, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಇಟಿಎ ಅನ್ನುವ ಅನುಮತಿ ಬೇಕಾಗುತ್ತೆ ಅಂದಳು. ನಮಗೆ ಬ್ಲೂಟೂತ್ ಬೇಕಾಗಿಯೇ ಇರಲಿಲ್ಲ. ಬ್ಲೂಟೂತ್ ಇಲ್ಲದ ಮಾಡೆಲ್ ತರಿಸಿದೆವು, ಅಡಾಪ್ಟರ್ ಇಲ್ಲೇ ಕೊಂಡೆವು. ಮಾಲು ಎಲ್ಲೂ ನಿಲ್ಲದೆ ಬಂತು.

ಒಳಗೆ ಯಾರನ್ನೋ ಹಿಡಿಯುವ ಮಾತಿಗೆ ಬರುತ್ತೇನೆ. 2020ರ ಜೂನ್‌ನಲ್ಲಿ ಮುಖ ನೋಡದೆ ಸುಂಕದ ಮೌಲ್ಯಮಾಪನ ಮಾಡುವ ಪದ್ಧತಿ ದೇಶದಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಬೆಂಗಳೂರು ಮತ್ತು ಚೆನ್ನೈನಲ್ಲಿ, ಅದೂ ಯಂತ್ರ ಮತ್ತು ಎಲೆಕ್ಟ್ರಾನಿಕ್ಸ್ ಸಾಮಾನುಗಳಿಗೆ. ಅದೇ ವರ್ಷ ಇಡೀ ದೇಶಕ್ಕೆ ಬಂತು. ಇಲ್ಲಿ ಸಲ್ಲಿಸಿದ ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಮಾಲಿನ ವಿವರ, ಸುಂಕ ಘೋಷಿಸುವ ಪತ್ರವನ್ನು, ಬೇರೆ ಯಾವುದೋ ಊರಿನ ಅಧಿಕಾರಿ ನೋಡುತ್ತಾರೆ. ಅವರು ಯಾರು ಅಂತ ನಮಗಾಗಲಿ ಬ್ರೋಕರ್‌ಗಾಗಲಿ ಗೊತ್ತಾಗುವುದಿಲ್ಲ. ಹಾಗಾಗಿ ವಸ್ತು ಏನು, ಯಾವುದಕ್ಕೆ ಬಳಸುತ್ತಾರೆ, ವಸ್ತುವಿನ ವರ್ಗ ಹೇಳುವ ಎಂಟು ಅಂಕಿಯ ಈ ಎಚ್‌ಎಸ್ ಕೋಡ್ ಯಾಕೆ ಅನ್ನುವುದನ್ನೆಲ್ಲ ಕಾಗದವೇ ಹೇಳಬೇಕು. ಕೋಡ್ ತಪ್ಪಿದರೆ ಸುಂಕವೂ ಬದಲಾಗಬಹುದು, ಬೇಕಾಗುವ ಪರವಾನಗಿಯೂ ಬದಲಾಗಬಹುದು. 2011ರಿಂದ ಸುಂಕ ಎಷ್ಟು ಅಂತ ಮೊದಲು ಲೆಕ್ಕ ಹಾಕಿ ಘೋಷಿಸುವ ಹೊಣೆಯೂ ಆಮದುದಾರನದ್ದೇ. ಬ್ರೋಕರ್ ನಮ್ಮ ಹೆಸರಿನಲ್ಲಿ ಮಾಡಿದ ಕೆಲಸ ಕಾನೂನಿನ ಕಣ್ಣಲ್ಲಿ ನಾವೇ ಮಾಡಿದ ಹಾಗೆ. ಸಹಿ ಹಾಕಿದ ಖಾಲಿ ಲೆಟರ್‌ಹೆಡ್ ಕೊಟ್ಟು "ನೀವೇ ನೋಡಿಕೊಳ್ಳಿ" ಅನ್ನುವ ಸ್ನೇಹಿತರನ್ನು ಕಂಡರೆ ನನಗೆ ನಿಜಕ್ಕೂ ಭಯ ಆಗುತ್ತೆ.

ಇನ್ನೊಂದು ಸಲ ಮಾರುವವರು "ಬಿಲ್‌ನಲ್ಲಿ ಅರ್ಧ ಬೆಲೆ ಹಾಕಿ ಕೊಡ್ತೀವಿ, ಸುಂಕ ಉಳಿಯುತ್ತೆ" ಅಂದರು. ಇದು ಎಲ್ಲರಿಗೂ ಬರುವ ಮಾತು. ನಮ್ಮ ಬ್ರೋಕರ್ ಕಡ್ಡಿ ಮುರಿದ ಹಾಗೆ ಹೇಳಿದರು, "ಹಾಗೆ ಮಾಡುವುದಾದರೆ ನಾನು ಫೈಲ್ ಮಾಡಲ್ಲ." ಅವರು ಪರೀಕ್ಷೆ ಪಾಸಾಗಿ ಕಸ್ಟಮ್ಸ್‌ನಿಂದ ಲೈಸೆನ್ಸ್ ಪಡೆದವರು. 2018ರ ನಿಯಮದ ಪ್ರಕಾರ ಅವರು ಗಿರಾಕಿಗೆ ಕಾನೂನು ಪಾಲಿಸಲು ತಿಳಿಹೇಳಬೇಕು, ಕೇಳದಿದ್ದರೆ ಅಧಿಕಾರಿಗಳ ಗಮನಕ್ಕೆ ತರಬೇಕು. ನಮ್ಮ ಐಇಸಿ, ಜಿಎಸ್‌ಟಿ, ವಿಳಾಸ ಎಲ್ಲ ನಿಜವೇ ಅಂತಲೂ ನೋಡಬೇಕು. ಮೊದಲು ಅವರ ಕಡೆಯವರು ನಮ್ಮ ಶೆಡ್ಡಿಗೆ ಬಂದು ಬೋರ್ಡಿನ ಫೋಟೋ ತೆಗೆದಾಗ ನನಗೆ ಕೋಪ ಬಂದಿತ್ತು. ಈಗ ಅನಿಸುತ್ತೆ, ಅಷ್ಟು ನೋಡದೆ ಕೆಲಸ ಒಪ್ಪಿಕೊಳ್ಳುವವರ ಹತ್ತಿರ ಹೋಗಲೇಬಾರದು.

ತಡಕ್ಕೂ ಬೆಲೆ ಇದೆ. ಚೀನಾದಿಂದ ಹಡಗಿನಲ್ಲಿ ಬರುವ ಮಾಲಿಗೆ, ಹಡಗು ಬರುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಬೇಕು. ಸರಿಯಾದ ಕಾರಣ ಇಲ್ಲದೆ ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಸುಂಕ ಕಟ್ಟುವುದು ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಐಇಸಿಯನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ನವೀಕರಿಸಬೇಕು ಅನ್ನುವುದನ್ನೂ ನನಗೆ ನೆನಪಿಸುವುದು ಬ್ರೋಕರ್ ಆಫೀಸಿನವರೇ.

ಎಲ್ಲ ಬ್ರೋಕರ್‌ಗಳೂ ಹೀಗೆ ಅಂತ ನಾನು ಹೇಳಲ್ಲ. ಏನನ್ನೂ ಕೇಳದೆ ಎಲ್ಲದಕ್ಕೂ "ಆಗುತ್ತೆ ಸರ್" ಅನ್ನುವವರೂ ಇದ್ದಾರೆ. ಲೈಸೆನ್ಸ್ ನಂಬರ್ ಕೇಳಿ, ಸಲ್ಲಿಸುವ ಮೊದಲು ಚೆಕ್‌ಲಿಸ್ಟ್ (ಬಿಲ್ ಆಫ್ ಎಂಟ್ರಿಯ ಕರಡು) ತರಿಸಿಕೊಂಡು ಸಾಲು ಸಾಲಾಗಿ ಓದಿ. ಅರ್ಥವಾಗದಿದ್ದರೆ ನಾಚಿಕೆ ಬೇಡ, ಕೂತು ಕೇಳಿ.

ಪೀಣ್ಯ ಕೈಗಾರಿಕಾ ಸಂಘ, ಕಾಸಿಯಾದಂಥ ಸಂಘಟನೆಗಳು ಹೊಸ ಆಮದುದಾರರನ್ನು ಅನುಭವಿ ಬ್ರೋಕರ್‌ಗಳ ಮುಂದೆ ಒಂದು ಮಧ್ಯಾಹ್ನ ಕೂರಿಸಿ, ಕನ್ನಡದಲ್ಲೇ ಇದನ್ನೆಲ್ಲ ಹೇಳಿಸಿದರೆ ತುಂಬಾ ಉಪಕಾರವಾಗುತ್ತದೆ. ನಿಮ್ಮ ವಾಣಿಜ್ಯ ಪುಟದಲ್ಲೂ ಬಿಐಎಸ್ ಪಟ್ಟಿಗೆ ಹೊಸ ವಸ್ತು ಸೇರಿದಾಗ ನಾಲ್ಕು ಸಾಲು ಹಾಕಿ. ಇಂಗ್ಲಿಷ್ ಅಧಿಸೂಚನೆ ಓದಲು ಕಷ್ಟಪಡುವ ನಮ್ಮಂಥವರು ಇಲ್ಲಿ ಬೇಕಾದಷ್ಟು ಜನ ಇದ್ದೇವೆ.

ಇಂತಿ,
ಪೀಣ್ಯದ ಒಬ್ಬ ಸಣ್ಣ ಉದ್ಯಮಿ
ಬೆಂಗಳೂರು