ಬರೆದುಕೊಳ್ಳದಿದ್ದರೆ ರೋಗ ಇಲ್ಲವೇ?

ಮಾನ್ಯ ಸಂಪಾದಕರೇ,

‘ದನಗಳ ಚರ್ಮಗಂಟು ರೋಗ ಹತೋಟಿಯಲ್ಲಿದೆ’ ಎಂದು ಅಧಿಕಾರಿಗಳು ಹೇಳಿದ್ದನ್ನು ನಿಮ್ಮ ಪತ್ರಿಕೆಯಲ್ಲಿ ಓದಿ ಮೈ ಉರಿಯಿತು. ನಮ್ಮ ಹೋಬಳಿಗೆ ಬಂದು ನೋಡಿದವರು ಯಾರು? ನಮ್ಮ ಬೀದಿಯಲ್ಲೇ ಮೈತುಂಬ ಗಂಟೆದ್ದ ದನಗಳಿವೆ. ನಮ್ಮ ಹಸುವಿಗೆ ಜ್ವರ ಬಂದು ಕಾಲು ಊದಿದೆ, ಮಲಗಿದ್ದು ಎದ್ದಿಲ್ಲ. ಗಂಟು ಒಡೆದು ನೊಣ ಮುತ್ತುತ್ತಿವೆ. ಡೈರಿಗೆ ಹಾಕಲು ಹಾಲಿಲ್ಲ, ಆದ್ದರಿಂದ ಬಟವಾಡೆಯೂ ಇಲ್ಲ. ಹಿಂಡಿ, ಬೂಸಾ ಸಾಲ ಮಾತ್ರ ನಿಂತಿಲ್ಲ. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಅರೆದು ತಿನ್ನಿಸುತ್ತಾ ನನ್ನ ಹೆಂಡತಿ ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಕೂತಿರುತ್ತಾಳೆ.

ಆಸ್ಪತ್ರೆಗೆ ಫೋನ್ ಮಾಡಿದರೆ ಡಾಕ್ಟರು ಮೀಟಿಂಗಿಗೆ ಹೋಗಿದ್ದಾರೆ ಎಂಬ ಉತ್ತರ. ಕೊನೆಗೆ ಬಂದವರು ಇಂಜೆಕ್ಷನ್ ಹಾಕಿದರು, ಅದಕ್ಕೆ ದುಡ್ಡೂ ತೆಗೆದುಕೊಂಡರು. ರೋಗದ ಹೆಸರು ಬರೆದುಕೊಡಿ ಎಂದರೆ, ‘ಸುಮ್ನೆ ಯಾಕೆ, ಮೇಲಿನವರು ಕೇಳ್ತಾರೆ’ ಎಂದರು. ಇದೇ ನೋಡಿ ಹತೋಟಿ!

ಬರೆದುಕೊಳ್ಳದಿದ್ದರೆ ಏನಾಗುತ್ತದೆ ಎಂದು ಇವರಿಗೆ ಗೊತ್ತಿಲ್ಲವೇ? ರೋಗ ಕಂಡ ಊರಿನ ಸುತ್ತ ಐದು ಕಿಲೋಮೀಟರ್‌ವರೆಗೆ ಲಸಿಕೆ ಹಾಕಬೇಕು ಎಂಬ ನಿಯಮವಿದೆ. ಊರೇ ಲೆಕ್ಕದಲ್ಲಿ ಇಲ್ಲದಿದ್ದರೆ ಸುತ್ತಲಿನ ಹಳ್ಳಿಗಳಿಗೆ ಲಸಿಕೆ ಯಾರು ಕೊಡುತ್ತಾರೆ? ಸೊಳ್ಳೆ, ನೊಣ, ಉಣ್ಣೆಗಳು ಕಾಗದ ನೋಡಿ ಹಾರುವುದಿಲ್ಲ. ದನದ ಸಂತೆ ಎಂದಿನಂತೆ ನಡೆಯುತ್ತಲೇ ಇದೆ. ಪ್ರಾಣಿಗಳ ರೋಗದ ಅಧ್ಯಯನ ಮಾಡುವ ಯಲಹಂಕದ ನಿವೇದಿ ಸಂಸ್ಥೆಯವರು ಯಾವ ಜಿಲ್ಲೆಗೆ ಯಾವ ರೋಗ ಬರಬಹುದೆಂದು ಎರಡು ತಿಂಗಳು ಮುಂಚೆಯೇ ಎಚ್ಚರಿಸುತ್ತಾರೆ. ಅದಕ್ಕೂ ಊರುಗಳಿಂದ ಹೋಗುವ ವರದಿಯೇ ಆಧಾರ ಅಲ್ವಾ? ಪ್ರಾಣಿಗಳ ಅಂಟುರೋಗ ತಡೆಯುವ 2009ರ ಕಾಯ್ದೆ ಪ್ರಕಾರ ರೋಗದ ಅನುಮಾನ ಬಂದರೆ ದನದ ಮಾಲೀಕ ಪಂಚಾಯಿತಿಗೆ ತಿಳಿಸಬೇಕು. ನಾವು ಅರ್ಜಿ ಕೊಟ್ಟು ತಿಳಿಸಿದೆವು. ಆ ಅರ್ಜಿ ಯಾರ ಮೇಜಿನ ಮೇಲಿದೆ?

ಇದು ಇವತ್ತಿನ ಕಥೆಯಲ್ಲ. 2013ರಲ್ಲಿ ಕಾಲುಬಾಯಿ ಜ್ವರಕ್ಕೆ ಕೋಲಾರ, ರಾಮನಗರದ ಕಡೆ ದನಗಳು ರಾಶಿ ರಾಶಿ ಸತ್ತವು. ಆಗಲೂ ಅಧಿಕಾರಿಗಳು ಎಚ್ಚೆತ್ತಿದ್ದು ತಡವಾಗಿಯೇ. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ಪರಿಹಾರ ಎಂದು ಸರ್ಕಾರ ಘೋಷಿಸಿತು. ಪಕ್ಕದ ಮನೆಯವರ ಎತ್ತು ಆಗ ಸತ್ತಿತು. ರೋಗದಿಂದಲೇ ಸತ್ತಿತು ಎಂಬ ಡಾಕ್ಟರ ಪತ್ರ ಇಲ್ಲವೆಂದು ಅವರಿಗೆ ಬಿಡಿಗಾಸೂ ಸಿಗಲಿಲ್ಲ. ದನದ ಕಿವಿಗೆ ಹನ್ನೆರಡು ಅಂಕಿಯ ಗುರುತಿನ ಓಲೆ ಹಾಕಲು ಮಾತ್ರ ಓಡೋಡಿ ಬಂದಿದ್ದರು. ಓಲೆ ಹಾಕಿದ ದನ ಬದುಕಿದೆಯೋ ಸತ್ತಿದೆಯೋ ಎಂದು ಆಮೇಲೆ ಒಬ್ಬರೂ ಕೇಳಿಲ್ಲ.

ಸಂಬಂಧಪಟ್ಟವರು ಕೂಡಲೇ ಕ್ರಮ ತೆಗೆದುಕೊಳ್ಳಬೇಕು. ಲಸಿಕೆ ಹಾಕಿಸಬೇಕು, ಸಂತೆ ನಿಲ್ಲಿಸಬೇಕು, ಪರಿಹಾರವನ್ನೂ ಕೊಡಬೇಕು. ಅದಾಗದಿದ್ದರೆ ಜೀಪಿನಿಂದ ಇಳಿದು ಒಂದು ಸಲವಾದರೂ ಕೊಟ್ಟಿಗೆಗೆ ಬರಲಿ. ಅದೂ ಆಗದಿದ್ದರೆ ಪತ್ರಿಕೆಗಳಿಗೆ ಸುಳ್ಳು ಹೇಳುವುದನ್ನು ಬಿಡಲಿ. ರೈತರ ತೆರಿಗೆಯಿಂದ ಸಂಬಳ ಎಣಿಸುವವರಿಗೆ ಸ್ವಲ್ಪವೂ ನಾಚಿಕೆ ಬೇಡವೇ?

– ನೊಂದ ಹೈನುಗಾರ