ಹಳೇ ಪುಸ್ತಕದ ಚಿತ್ರ ಕೊಯ್ದು ಮಾರಬೇಡಿ

ಸಂಪಾದಕರೇ,
ಇಂಗ್ಲೆಂಡಿನ ಎವರ್ಸ್ಲಿ ಊರಲ್ಲಿ ಪಾದ್ರಿಯಾಗಿದ್ಕೊಂಡೇ ಕಾದಂಬರಿ ಬರೆದ ಚಾರ್ಲ್ಸ್ ಕಿಂಗ್ಸ್ಲಿ ಪುಸ್ತಕಗಳನ್ನ ಸುಮಾರು ವರ್ಷದಿಂದ ಕೂಡಿಡ್ತಾ ಇದೀನಿ. 1863ರಲ್ಲಿ ಬಂದ ‘ವಾಟರ್ ಬೇಬೀಸ್’ ಚಿಮಣಿ ಹತ್ತಿ ಮಸಿ ಗುಡಿಸೋ ಟಾಮ್ ಅನ್ನೋ ಹುಡುಗನ ಕಥೆ, ಆಗ ನಿಜವಾಗ್ಲೂ ಸಣ್ಣ ಮಕ್ಕಳನ್ನೇ ಒಳಗೆ ಹತ್ತಿಸ್ತಿದ್ರು, ಓದಿದ್ರೆ ಕರುಳು ಚುರ್ ಅನ್ನುತ್ತೆ. 1875ರಲ್ಲಿ ಅವರು ತೀರಿಹೋದ್ಮೇಲೆ ಹೆಂಡತಿ ಫ್ಯಾನಿ ಪತ್ರಗಳನ್ನೆಲ್ಲ ಸೇರಿಸಿ ಎರಡು ಸಂಪುಟದಲ್ಲಿ ಗಂಡನ ಜೀವನ ಬರೆದ್ರು, ನಂಗೆ ಕಾದಂಬರಿಗಿಂತ ಅದೇ ಇಷ್ಟ. ಮೊನ್ನೆ ಆನ್‌ಲೈನಲ್ಲಿ ಅದನ್ನ ತರಿಸಿ ಬಿಚ್ಚಿ ನೋಡಿದ್ರೆ ಶುರುವಿನ ಚಿತ್ರದ ಹಾಳೆನ ಬ್ಲೇಡಲ್ಲಿ ಕೊಯ್ದಿದಾರೆ, ಹೊಲಿಗೆ ಹತ್ರ ಬೆರಳಗಲ ಚೂರು ಮಾತ್ರ ಉಳಿದಿದೆ. ಹಳೇ ಪುಸ್ತಕ ಮಾರೋರು ದಯವಿಟ್ಟು ಹೀಗೆ ಮಾಡ್ಬೇಡಿ, ಹರಿದಿದ್ರೂ ಪರ್ವಾಗಿಲ್ಲ, ಇಡಿಯಾಗಿ ಕೊಡಿ.

– ಒಬ್ಬ ಓದುಗ, ಮೈಸೂರು